ಸುಬೇದಾರರ ಗಂಟಲು

ಗಾವಡಗೆರೆ ಸುತ್ತಮುತ್ತ ನಾನು ಅಣಕಿಸದ ಗಂಟಲಿರಲಿಲ್ಲ. ಶಾನುಭೋಗರ ಕೆಮ್ಮು, ಬಸ್ಸಿನ ಕಂಡಕ್ಟರನ ಸೀಟಿ, ನನ್ನ ಸೋದರತ್ತೆಯ ಗೊರಕೆ. ನನ್ನ ಸ್ವಂತ ದನಿ ಹೇಗಿದೆಯೆಂದು ಯಾರೂ ಕೇಳಿದವರಲ್ಲ, ಇದ್ದರೆ ತಾನೆ!

ಎಲ್ಲಕ್ಕಿಂತ ನನಗೆ ಒಗ್ಗಿದ್ದು ನಮ್ಮ ಬೀದಿಯ ನಿವೃತ್ತ ಸುಬೇದಾರರ ಗುಡುಗು ದನಿ. ಜಪಾನಿನವರು ಸೋತ ಮೇಲೆ ಸುಬೇದಾರರ ದಂಡು ಸಯಾಮಿನಲ್ಲಿ, ಅಂದರೆ ಥಾಯ್ಲೆಂಡಿನಲ್ಲಿತ್ತಂತೆ. ಆ ದೇಶದ ದಂಡನಾಯಕನೊಬ್ಬನ ಕತೆಯನ್ನು ದಿನಾ ಹೇಳುತ್ತಿದ್ದರು. ಆತ ಪ್ರಧಾನಿಯಾದ, ಎಲ್ಲರೂ ಟೋಪಿ ಹಾಕಬೇಕೆಂದ, ಎಲೆಯಡಿಕೆ ಜಗಿಯಕೂಡದೆಂದ. ಯುದ್ಧ ಮುಗಿದಾಗ ಸೆರೆಗೆ ಬಿದ್ದ. ಹೊರಗೆ ಬಂದು ಮತ್ತೆ ಪ್ರಧಾನಿಯೇ ಆದ.

“ದಂಡಿನೋನು ಗದ್ದುಗೆ ಅತ್ತಬೌದು ಕಣ್ಲಾ. ನಾನ್ಯಾಕೆ ಅತ್ತಬಾರ್ದು?” ಎಂದು ಟೋಪಿ ಸರಿಮಾಡಿಕೊಂಡು ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತೇಬಿಟ್ಟರು. ಅವರ ಮನೆಯ ಎಲೆಯಡಿಕೆ ತಟ್ಟೆ ಅಟ್ಟ ಸೇರಿತು.

ಓಟಿಗೆ ಹತ್ತು ದಿನವಿರುವಾಗ ಅವರ ಗಂಟಲು ಕಟ್ಟಿತು. ಮಾತಾಡಿದರೆ ದನಿ ಪೂರ್ತಿ ಹೋದೀತು ಎಂದರು ಮೈಸೂರಿನ ಡಾಕ್ಟರು. ಸುಬೇದಾರರು ಸ್ಲೇಟಿನಲ್ಲಿ ಬರೆದು ನನಗೆ ತೋರಿಸಿದರು: ‘ಗೆಲ್ಲಲೇಬೇಕು. ನನ್ನ ದನೀಲಿ ನೀನು ಮಾತಾಡು.’

ಕಮಾನುಗಾಡಿಯ ಮುಂದೆ ನಿಂತು ಅವರು ತುಟಿ ಆಡಿಸುವುದು, ಒಳಗೆ ಪರದೆಯ ಹಿಂದೆ ಕೂತು ನಾನು ಮೈಕಿನಲ್ಲಿ ಕೂಗುವುದು. ಮೂರು ಊರು ದಾಟಿದೆವು. ಯಾರಿಗೂ ಗೊತ್ತಾಗಲಿಲ್ಲ.

ಕಟ್ಟೆಮಳಲವಾಡಿಗೆ ಹೋದಾಗ ಉರಿಬಿಸಿಲ ಮಧ್ಯಾಹ್ನ. ಅರಳಿಕಟ್ಟೆಯ ಮೇಲೆ ಹಿರಿಯರು ಎಲೆ ಜಗಿಯುತ್ತಿದ್ದರು. ನಮ್ಮ ಕಡೆ ಒಂದೇ ತಟ್ಟೆಯ ಎಲೆ ಹಾಕಿಕೊಂಡರೆ ಮಾತು ಕೊಟ್ಟಂತೆ. ಎದುರಿಗೇ ಉಗಿದರೆ ಮಾತು ಮುರಿದಂತೆ.

“ತಕ್ಕಳಿ ಸುಬೇದಾರ್ರೇ, ನೀವೂ ಆಕ್ಕಳಿ. ಓಟು ನಿಮಗೇಯ,” ಎಂದು ಮುದುಕರೊಬ್ಬರು ತಟ್ಟೆ ಚಾಚಿದರು.

ಗಂಟಲು ನೋವು, ಆಮೇಲೆ ಹಾಕಿಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದೆ.

“ನಾನು ಗೆದ್ರೆ ಈ ತಾಲ್ಲೂಕ್ನಲ್ಲಿ ಯಾರೂ ಎಲೆ ಜಗಿಯಂಗಿಲ್ಲ!”

ಮೈಕಿನಲ್ಲಿ ಬಂದದ್ದು ಅದು. ಕೂಗುತ್ತಲೇ ಪರದೆಯ ಸಂದಿಯಿಂದ ನೋಡಿದ್ದೆ. ಓರೆಯಾಗಿ ನಿಂತಿದ್ದ ಸುಬೇದಾರರ ತುಟಿ, ನನ್ನ ಮಾತು ಮುಗಿಯುವ ಮೊದಲೇ ಆಡಿ ಮುಗಿದು ಮುಚ್ಚಿಕೊಂಡಿತ್ತು.

ಮುದುಕರು ಬಗ್ಗಿ ಉಗಿದರು. ಪಕ್ಕದವರು ಉಗಿದರು. ಒಬ್ಬರಾದ ಮೇಲೊಬ್ಬರು, ಎಲ್ಲರೂ. ಕಟ್ಟೆಯ ಸುತ್ತಲ ಧೂಳೆಲ್ಲ ಕೆಂಪಾಯಿತು. ಸುಬೇದಾರರು ಸೆಟೆದು ನಿಂತು ಸಲ್ಯೂಟ್ ಹೊಡೆದರು. ಜನ ಅಪ್ಪಣೆ ಪಾಲಿಸಿದರೆಂದುಕೊಂಡರು, ಪಾಪ. ದಂಡಿನಲ್ಲಿ ಇದ್ದೂ ಇದ್ದೂ ಊರಿನ ರೀತಿಯೇ ಮರೆತುಹೋಗಿತ್ತು.

ಸೋತರು. ದನಿಯೂ ಮರಳಲಿಲ್ಲ. ಇತ್ತ ನಾನು ಬಾಯಿಬಿಟ್ಟರೆ ನಮ್ಮನೆ ನಾಯಿ ಎದ್ದು ಸುಬೇದಾರರನ್ನು ಹುಡುಕುತ್ತಿತ್ತು.

ಆ ಮಳೆಗಾಲ ಒಂದು ಬೆಳಿಗ್ಗೆ ಸುಬೇದಾರರ ಜಗಲಿಯಲ್ಲಿ ಕೂತು ಅವರಿಗೆ ಪೇಪರು ಓದಿದೆ: ಸಯಾಮಿನ ಪ್ರಧಾನಿಯನ್ನು ಅವನ ದಂಡಿನವರೇ ಇಳಿಸಿದರು, ಕಾರು ಹತ್ತಿ ದೇಶ ಬಿಟ್ಟು ಓಡಿದ. ನನ್ನ ದನಿಯಲ್ಲಿ ಓದಬೇಕೆಂದಿದ್ದೆ. ಬಂದದ್ದು ಅವರದು.

ಹಿತ್ತಿಲಲ್ಲಿ ಯಾರೋ ಅವಸರವಾಗಿ ಉಗಿದ ಸದ್ದಾಯಿತು.

“ಬಂದೆ ಕಣ್ರೀ, ಕರುದ್ರಾ?” ಎನ್ನುತ್ತ ಸುಬೇದಾರರ ಹೆಂಡತಿ ತುಟಿ ಒರೆಸಿಕೊಂಡು ಓಡಿಬಂದರು. ಗಂಡನ ಮುಚ್ಚಿದ ಬಾಯಿ ನೋಡಿದರು, ನನ್ನನ್ನು ನೋಡಿದರು. “ಅಯ್ಯೋ... ನೀನಾ ಮಗ?”

ಆಕೆಯ ತುಟಿಯ ಅಂಚಿನಲ್ಲಿ ಕೆಂಪು ಉಳಿದಿತ್ತು. ಸುಬೇದಾರರು ಅದನ್ನೇ ದಿಟ್ಟಿಸಿ, ಟೋಪಿ ತೆಗೆದು ಕೆಳಗಿಟ್ಟು ಕೈ ಚಾಚಿದರು. ಆಕೆ ಸೊಂಟದಿಂದ ಎಲೆಚೀಲ ತೆಗೆದು ಕೊಟ್ಟರು. ಅವರು ಒಂದೆಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಿಸಿ ಆಕೆಗೇ ನೀಡಿದರು. ತುಟಿ ಅಲುಗಿತು.

“ತಗೊ, ಆಕ್ಕೊ,” ಎಂದದ್ದು ನಾನು.

ಬಾಯಿ ತೆರೆದ ನೆನಪು ನನಗಿಲ್ಲ.