ಏಡನ್‌ಗೆ ಬಂದ ತಾರು

ಹುಮನಾಬಾದಿನಲ್ಲಿ ರಸ್ತೆ ಮಾಡಿಸುತ್ತಿದ್ದ ಇಂಗ್ಲಿಷ್ ಸಾಹೇಬನ ಬಂಗಲೆಗೆ ವಜೀರಬಿ ಆಯಾ ಆಗಿ ಸೇರಿದ್ದು 1947ರ ಬೇಸಿಗೆಯಲ್ಲಿ. ಮೇಮ್‌ಸಾಹೇಬಳ ಎದೆ ಬತ್ತಿತ್ತು, ಕೂಸಿಗೆ ಡಬ್ಬಿಹಾಲು ಒಗ್ಗುತ್ತಿರಲಿಲ್ಲ. ವಜೀರಬಿಯ ಮಡಿಲಲ್ಲಿ ಮೂರು ತಿಂಗಳ ಮಗಳು ಕರೀಮಾ ಇದ್ದಳು. ಅವಳು ಎರಡೂ ಕೂಸುಗಳಿಗೆ ಹಾಲೂಡಿಸಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಸಾಹೇಬರು ವಿಲಾಯತಿಗೆ ಹೊರಟುನಿಂತರು. ಆಯಾ ಜೊತೆಗೆ ಬರಲೇಬೇಕು, ಅವಳ ಕೂಸು ಮಾತ್ರ ಬೇಡ ಎಂದಳು ಮೇಮ್‌ಸಾಹೇಬ. ಅದೇ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದ ಗಂಡ ಹುಸೇನ, ಹೆಂಡತಿಯನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡ. ಕರೀಮಾಳನ್ನು ಬಸವಕಲ್ಯಾಣದಲ್ಲಿದ್ದ ಅತ್ತೆ ಕುಲ್ಸುಮ್ ಬೀ ಕೈಗೆ ಕೊಟ್ಟು ವಜೀರಬಿ ಮುಂಬಯಿಯಲ್ಲಿ ಹಡಗು ಹತ್ತಿದಳು.

ಮೇಲಿನ ಅಂತಸ್ತಿನಲ್ಲಿ ಬ್ಯಾಂಡು ಬಾರಿಸುತ್ತಿತ್ತು, ದೊರೆಗಳು ಕುಣಿಯುತ್ತಿದ್ದರು. ವಜೀರಬಿ ಕ್ಯಾಬಿನ್ನಿನ ಹೊರಗೆ, ಜನ ದಾಟಿ ಹೋಗುವ ಓಣಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ಅಲೆಯ ಹೊಯ್ದಾಟಕ್ಕೆ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ನಾಲ್ಕನೆಯ ದಿನ ಹಾಲು ಇಳಿಮುಖವಾಯಿತು. ಹಡಗಿನ ಡಾಕ್ಟರು ಎಮ್ಮೆಯ ಕೆಚ್ಚಲು ನೋಡುವವನಂತೆ ಎಲ್ಲರೆದುರೇ ಅವಳ ಎದೆ ಹಿಂಡಿ ನೋಡಿದ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸರು ನಕ್ಕರು.

ಏಡನ್ ಬಂದರಿನಲ್ಲಿ ಯಾರೋ ಮೇಮ್‌ಸಾಹೇಬಳಿಗೊಂದು ತಂತಿ ಕಾಗದ ತಂದುಕೊಟ್ಟರು. ಅವಳು ಓದಿ, ವಜೀರಬಿಯನ್ನು ಒಂದು ಗಳಿಗೆ ದಿಟ್ಟಿಸಿ, ಕಾಗದವನ್ನು ಚೀಲದೊಳಗೆ ಮಡಚಿಟ್ಟಳು. ಅಂದಿನಿಂದ ಆಯಾಳಿಗೆ ಕ್ಯಾಬಿನ್ನಿನ ಒಳಗೇ ಹಾಸಿಗೆ, ಎರಡು ಹೊತ್ತೂ ಮಾಂಸದ ಸಾರು. ಇವಳ ಮಕ್ಕಳು ತಣ್ಣಗಿರಲಿ ಎಂದು ವಜೀರಬಿ ನಮಾಜಿನಲ್ಲಿ ದುವಾ ಕೇಳಿದಳು.

ವಿಲಾಯತಿ ಮುಟ್ಟುವಷ್ಟರಲ್ಲಿ ಕೂಸು ಅನ್ನದ ಗಂಜಿ ತಿನ್ನಲು ಕಲಿತಿತ್ತು. ಬಂದರಿನಲ್ಲೇ ವಜೀರಬಿಯನ್ನು ಮುಂಬಯಿಗೆ ಹೊರಟಿದ್ದ ಇನ್ನೊಂದು ಕುಟುಂಬಕ್ಕೆ ಒಪ್ಪಿಸಿ ಮೇಮ್‌ಸಾಹೇಬ ಹಿಂದಿರುಗಿ ನೋಡದೆ ಮೋಟಾರು ಹತ್ತಿದಳು.

ಚಳಿಗಾಲದಲ್ಲಿ ವಜೀರಬಿ ಹುಮನಾಬಾದಿಗೆ ಬಂದಿಳಿದಾಗ ಮೊದಲು ಎದುರಾದವನು ಸಾಹೇಬನ ಕಚೇರಿಯ ಗುಮಾಸ್ತ ವೈಜನಾಥ.

"ಏಡನ್‌ಗೆ ತಾರ್ ನಾನೇ ಹೊಡದಿದ್ದೆ, ತಾಯಿ. ಆ ಸುದ್ದಿ ಕೇಳಿ ಹಡಗಿನ್ಯಾಗ ಒಬ್ಬಾಕೀನೇ ಹ್ಯಾಂಗ ತಡಕೊಂಡಿ?"

"ಯಾವ ಸುದ್ದಿರಿ?" ಎಂದಳು ವಜೀರಬಿ.

ವೈಜನಾಥ ಮುಖ ತಗ್ಗಿಸಿದ. "ನಿನ್ನ ಕೂಸಿಂದು."

ದುಃಖಕ್ಕೆ ಹಾಲು ಬತ್ತೀತೆಂದು ಸುದ್ದಿ ಮುಚ್ಚಿಟ್ಟು ತನಗೆ ಸಾರು ಕುಡಿಸಿದ್ದರು ಎಂಬುದು ಅವಳಿಗೆ ಅಲ್ಲಿ, ರಸ್ತೆಯ ಮೇಲೆ ತಿಳಿಯಿತು. ಅಳಲಿಲ್ಲ. ಬಸವಕಲ್ಯಾಣದ ಮನೆಯಲ್ಲಿ ಕುಲ್ಸುಮ್ ಬೀ ಅವಳನ್ನು ಹೊಸ್ತಿಲಲ್ಲೇ ತಡೆದಳು.

"ಆಡಿನ ಹಾಲು ಕಕ್ಕತಿತ್ತು. ನಾಕ ದಿನ ಅತ್ತು ಸತ್ತಿತು. ಆಗ ನಿನ್ನ ಹಾಲು ಯಾರ ಬಾಯಾಗಿತ್ತು?"

ಹುಸೇನ ಅಂಗಳದಲ್ಲಿ ನೆಲ ನೋಡುತ್ತ ಕೂತಿದ್ದ. ಕಳಿಸಿದವನು ತಾನೇ ಎಂದು ಅವನು ಬಾಯಿ ಬಿಡಲಿಲ್ಲ.

1950ರಲ್ಲಿ ಮತ್ತೊಂದು ಹೆಣ್ಣು ಹುಟ್ಟಿತು. ಅದನ್ನು ಅವಳು ಯಾರ ಕೈಗೂ ಕೊಡಲಿಲ್ಲ, ಗಂಡನ ಕೈಗೂ ಇಲ್ಲ. ಅದೇ ವರ್ಷ ಅತ್ತೆ ಹಾಸಿಗೆ ಹಿಡಿದಳು. ಕೊನೆಯ ವಾರದಲ್ಲಿ ಬಡಕಲು ಕೈ ಚಾಚಿ, ಒಮ್ಮೆ ಮೊಮ್ಮಗಳನ್ನು ಮುಟ್ಟಿಸು ಎಂದು ಬೇಡಿಕೊಂಡಳು. ವಜೀರಬಿ ಕೂಸನ್ನೆತ್ತಿಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ಕೂತಳು. ಒಳಗಿನ ದನಿ ನಿಂತ ಮೇಲೂ ಬಹಳ ಹೊತ್ತು ಏಳಲಿಲ್ಲ.