ಜಪಾನಿನ ಕುಡ್ಲು, ಟಿಕೆಟ್ಟಿಲ್ಲದ ಸೊಪ್ಪು

ಕುಕ್ಕರಗಾಲಿನಲ್ಲಿ ಕೂರುವುದು ಯಾವ ವಯಸ್ಸಿನಲ್ಲೂ ಕಷ್ಟವಲ್ಲ. ಅರ್ಧ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಏಳುವಾಗ ಮಾತ್ರ ಅದು ತನಗೂ ನಮಗೂ ಪರಿಚಯವೇ ಇಲ್ಲವೆಂಬಂತೆ ಸುಮ್ಮನಿದ್ದುಬಿಡುತ್ತದೆ. ಆದ್ದರಿಂದ ಅರವತ್ತೆಂಟು ದಾಟಿದ ನನ್ನಂಥವನು ಒಮ್ಮೆ ನೆಲಕ್ಕೆ ಕುಳಿತನೆಂದರೆ, ಏಳುವ ಮುಂಚೆ, ಇಲ್ಲೇ ಮುಗಿಸಿಬಿಡಬಹುದಾದ ಇನ್ನೊಂದು ಕೆಲಸ ಏನಾದರೂ ಉಂಟೇ ಎಂದು ಒಮ್ಮೆ ಸುತ್ತ ಕಣ್ಣಾಡಿಸುತ್ತಾನೆ. ಹಿತ್ತಲಿನಲ್ಲಿ ಹಾಗೆ ಕಣ್ಣಾಡಿಸಿದವನಿಗೆ ಕಾಣುವುದು ಕಳೆ. ನಿಂತು ನೋಡಿದರೆ ಹಸಿರು, ಕೂತು ನೋಡಿದರೆ ಕಳೆ. ನಾನು ಇಲ್ಲಿ ಒಪ್ಪಿಕೊಳ್ಳಲು ಹೊರಟಿರುವ ತಪ್ಪು ಹೀಗೆ ಕೂತಿದ್ದರಿಂದಲೇ ಆದದ್ದು. ನಿಂತೇ ಇದ್ದಿದ್ದರೆ ನಾನು ಇಂದಿಗೂ ಸಭ್ಯನೆಂದೇ ನಮ್ಮೂರು ಹಂಗಳದಲ್ಲಿ ಹೆಸರಾಗಿರುತ್ತಿದ್ದೆ.

ನಿಲ್ಲುವುದು ನನ್ನ ಕಸುಬೇ ಆಗಿತ್ತು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಯತ್ನದಲ್ಲಿ ದಾಟಿದ ನಾನು, ಮೂವತ್ತು ವರ್ಷಕ್ಕೂ ಮಿಕ್ಕಿ ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಇದ್ದೆ. ಟಿಕೆಟ್ಟಿಲ್ಲದವರನ್ನು ಹಿಡಿಯುವುದರಲ್ಲಿ ನನಗೊಂದು ಖ್ಯಾತಿಯಿತ್ತು. ಹಿಡಿದು ಸುಮ್ಮನೆ ಇಳಿಸುತ್ತಿರಲಿಲ್ಲ, ಇಡೀ ಬಸ್ಸು ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಎಲ್ಲಪ್ಪಾ ಟಿಕೆಟ್ಟು?" ಎಂದು ಕೇಳುತ್ತಿದ್ದೆ. ಆ ಪ್ರಶ್ನೆ ಕೇಳುವಾಗ ನನ್ನ ಮುಖದ ಕಳೆಯೇ ಬೇರೆಯಾಗುತ್ತಿತ್ತೆಂದು ಡ್ರೈವರ್ ಹೇಳುತ್ತಿದ್ದ. ಮುಖದಲ್ಲಿದ್ದರೆ ಶೋಭೆ, ಪಾತಿಯಲ್ಲಿದ್ದರೆ ಪೀಡೆ. ಒಂದೇ ಪದಕ್ಕೆ ಎರಡು ಬಾಳು ಕೊಟ್ಟ ನಮ್ಮ ಭಾಷೆಯ ಚಮತ್ಕಾರಕ್ಕೆ ನಾನು ಆಗ ಗಮನ ಕೊಟ್ಟಿರಲಿಲ್ಲ. ನಿವೃತ್ತನಾದ ಮೇಲೆ ಹಿತ್ತಲೇ ನನ್ನ ಬಸ್ಸಾಯಿತು. ಬದನೆ, ಮೆಣಸಿನ ಗಿಡ, ಅವರೆ ಚಪ್ಪರ ಇವೆಲ್ಲ ತಮ್ಮ ತಮ್ಮ ಸೀಟಿನಲ್ಲಿ ಕುಳಿತ ಪ್ರಯಾಣಿಕರು. ಮಿಕ್ಕವರೆಲ್ಲ ಟಿಕೆಟ್ಟಿಲ್ಲದೆ ಹತ್ತಿದವರು.

ಹೀಗಿರುವಲ್ಲಿ ಚಾಮರಾಜನಗರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿರುವ ನನ್ನ ಅಳಿಯ, ಯಾರೂ ಕೊಳ್ಳದೆ ಉಳಿದಿದ್ದ ಜಪಾನಿನ ಕಳೆಕುಡ್ಲೊಂದನ್ನು, ಅಂದರೆ ಕಳೆ ತೆಗೆಯುವ ಕುಡುಗೋಲೊಂದನ್ನು, ನನಗೆ ತಂದುಕೊಟ್ಟ. ನಮ್ಮ ಆಚಾರಿ ಬಡಿದುಕೊಡುವ ಕುಡ್ಲು ನಿಮಗೆ ಗೊತ್ತೇ ಇದೆ. ಅದಕ್ಕೆ ತೂಕವೂ ಇದೆ, ಗಾಂಭೀರ್ಯವೂ ಇದೆ, ಮೇಲಿಂದ ಮೇಲೆ ಕುಲುಮೆಗೆ ಹೋಗಿಬರುವ ಚಟವೂ ಇದೆ. ಇದಾದರೋ ಗೇಣುದ್ದದ ಮರದ ಹಿಡಿ, ಅದರ ತುದಿಗೆ ಕತ್ತು ಓರೆ ಮಾಡಿ ನಿಂತ ಹಾಳೆಯಂಥ ಅಲಗು. ಮಣ್ಣಿನ ಮೇಲಿಟ್ಟು ಮೆಲ್ಲಗೆ ತನ್ನ ಕಡೆ ಎಳೆದುಕೊಂಡರೆ ಸಾಕು, ಅದು ನೆಲದೊಳಗೆ ಅರ್ಧ ಬೆರಳು ಇಳಿದು ಬೇರನ್ನೇ ಕೊಯ್ದುಕೊಂಡು ಬರುತ್ತದೆ. ಗಿಡಕ್ಕೆ ತಾನು ಸತ್ತದ್ದು ಬಿಸಿಲೇರಿದ ಮೇಲೆ ತಿಳಿಯುತ್ತದೆ. ಹಿಡಿಯ ಮೇಲೆ ಏನೋ ಬರೆದಿತ್ತು. ಗುಂಡ್ಲುಪೇಟೆ ನಿಲ್ದಾಣದಲ್ಲಿ ಕೆಲಸ ಮಾಡಿದವನು ತಮಿಳು, ಮಲಯಾಳದ ಬೋರ್ಡುಗಳನ್ನೂ ಓದಬಲ್ಲ. ಈ ಬಸ್ಸು ಎಲ್ಲಿಗೆ ಹೋಗುತ್ತದೆಂದು ಮಾತ್ರ ನನಗೆ ತಿಳಿಯಲಿಲ್ಲ. ಜಪಾನಿನಲ್ಲಿ ಇದನ್ನು 'ಕಾಮಾ' ಎನ್ನುತ್ತಾರಂತೆ ಎಂದು ಅಳಿಯನೇ ಹೇಳಿ, ನಾಚಿಕೊಂಡು, ಅದನ್ನು ನನ್ನ ಕೈಗೇ ಕೊಟ್ಟ.

ಅದೇ ಮೊದಲ ಅಪಶಕುನ. ಅಲಗಿರುವ ವಸ್ತುವನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಟ್ಟು ಕೊಡಬೇಕು, ಇಲ್ಲದಿದ್ದರೆ ಜಗಳ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದನ್ನು ಕಂಡ ನನ್ನ ಹೆಂಡತಿ ಮಹದೇವಮ್ಮ ಅಳಿಯ ಹೋದ ಮೇಲೆ ಬೇಲಿಯ ಬಳಿ ನಿಂತು ಆಚೆಮನೆಯ ಪುಟ್ಟಮ್ಮನನ್ನು ಕೂಗಿದಳು.

"ಪುಟ್ಟಮ್ಮ, ಇಲ್ ನೋಡ್ ಬಾ. ಎಪ್ಪತ್ತರ ಅತ್ರಕ್ ಬಂದ್ಮೇಲ ನಮ್ ಮನೇವ್ರಿಗ ಕಾಮ ಬಂದದ."

"ಕೈಗ್ ತಾನ ಬಂದಿರದು ಬುಡಕ್ಕಾ," ಎಂದಳು ಪುಟ್ಟಮ್ಮ. "ತಲಗ್ ಏರದಿದ್ರ ಸಾಕು."

ಪುಟ್ಟಮ್ಮ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುವ, ಒಂದೇ ಒಂದು ಆಡು ಸಾಕಿಕೊಂಡು ಒಬ್ಬಳೇ ಇರುವ ಹೆಂಗಸು. ನಮ್ಮ ಬೇಲಿಯಲ್ಲಿ ಒಂದು ಸಂದಿಯಿತ್ತು. ಇಪ್ಪತ್ತು ವರ್ಷದಿಂದ ಆ ಸಂದಿಯಲ್ಲಿ ಸಾರಿನ ಬಟ್ಟಲು ಹೋಗುತ್ತಿತ್ತು, ಬರುತ್ತಿತ್ತು, ಜೊತೆಗೆ ಊರಿನ ಸಮಾಚಾರವೂ. ಮಳೆ ಬಿದ್ದ ಮೇಲೆ ಇಬ್ಬರೂ ನಮ್ಮ ಹಿತ್ತಲಿನಲ್ಲಿ ಕೂತು ಬೆರಕೆ ಸೊಪ್ಪು ಬಿಡಿಸುವುದು ವಾಡಿಕೆ. ಅಣ್ಣೆ, ಗಣಿಕೆ, ಗೋಣಿ, ಕೀರೆ, ಕೊಮ್ಮೆ ಎಲ್ಲವೂ ಅವರ ಮಡಿಲಿಗೆ ಬೀಳುತ್ತಿದ್ದವು. ಒಂದು ದಿನ ನಮ್ಮ ಒಲೆ, ಮರುದಿನ ಅವಳ ಒಲೆ. ಬಸ್ಸು ಬಿಟ್ಟ ಮೇಲೂ ನನ್ನನ್ನು ಬಿಡದೆ ಉಳಿದದ್ದು ಆ ಸೊಪ್ಪಿನ ಬಸ್ಸಾರೊಂದೇ. ಆದರೆ ನನಗೂ ಸೊಪ್ಪಿಗೂ ಪರಿಚಯವಿದ್ದದ್ದು ಅದು ಬೆಂದ ಮೇಲೆ. ಮುದ್ದೆಯ ಪಕ್ಕದಲ್ಲಿ ಕಂಡರೆ ಗುರುತು ಹಿಡಿಯುತ್ತಿದ್ದೆ. ಮಣ್ಣಿನಲ್ಲಿ ನಿಂತಿದ್ದರೆ ಯಾವನೋ ಪರವೂರಿನವನು. ಈ ಅಜ್ಞಾನವನ್ನು ಬಚ್ಚಿಟ್ಟುಕೊಂಡೇ ನಾನು ಮುದುಕನಾದೆ.

ಹೆಂಡತಿ ತವರಾದ ಉಡಿಗಾಲಕ್ಕೆ ಮೂರು ದಿನದ ಮಟ್ಟಿಗೆ ಹೋದಳು. ಕಾಮ ತಲೆಗೇರಲು ಅಷ್ಟು ಸಮಯ ಸಾಕಾಯಿತು. ಮೊದಲ ದಿನ ಬದನೆಯ ಬುಡ, ಎರಡನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಮೂರನೆಯ ದಿನ ಬೇಲಿಯವರೆಗೂ ಕೂತಲ್ಲೇ ತೆವಳುತ್ತಾ ಹೋದೆ. ಕಾಮದ ಹಿಂದೆಯೇ ಮದವೂ ಬಂತು. ಅರಿಷಡ್ವರ್ಗದಲ್ಲಿ ಮಿಕ್ಕವೂ ಬೇಲಿ ಹಾರಿ ಬಂದಿರಬೇಕು. "ಎಲ್ಲಪ್ಪಾ ಟಿಕೆಟ್ಟು?" ಎಂದು ಬಾಯಿಬಿಟ್ಟೇ ಕೇಳುತ್ತಾ ಗರಿಕೆಯನ್ನು ಇಳಿಸಿದೆ, ಉತ್ತರಾಣಿಯನ್ನು ಇಳಿಸಿದೆ. ಶಿವನಿಗೆ ಪ್ರಿಯವೆಂದು ನಮ್ಮ ಮನೆಯ ಪೂಜೆಗೆ ದಿನವೂ ಬೇಕಾಗುತ್ತಿದ್ದ ತುಂಬೆಯನ್ನೂ, ಶಿಫಾರಸು ನಡೆಯುವುದಿಲ್ಲವೆಂದು ಇಳಿಸಿಬಿಟ್ಟೆ. ಕಲ್ಲಿನ ಪಕ್ಕದಲ್ಲಿ ಮೊಣಕಾಲೆತ್ತರ ಬೆಳೆದು ಒತ್ತಾಗಿ ನಿಂತಿದ್ದ ಒಂದು ಗುಂಪನ್ನು ಕೊಯ್ಯುವಾಗಂತೂ ಕುಡ್ಲಿಗೆ ಎಂಥ ಹದವಿತ್ತೆಂದರೆ, ಕೈ ನನ್ನದೇ ಎಂಬುದು ಮರೆತುಹೋಯಿತು. ಕೊಯ್ದದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆದು, ಬೋಳು ನೆಲದ ಚಿತ್ರ ತೆಗೆದು ಅಳಿಯನ ಮೊಬೈಲಿಗೆ ಕಳಿಸಿದೆ. ಮಾವನ ಹಿತ್ತಲು ಜಪಾನ್ ಆಯಿತೆಂದು ಅವನು ಉತ್ತರ ಬರೆದ.

ಸಂಜೆ ಬಂದ ಹೆಂಡತಿ ಚೀಲವನ್ನೂ ಇಳಿಸದೆ ಹಿತ್ತಲ ಬಾಗಿಲಲ್ಲಿ ನಿಂತಳು. ಒಗೆಯುವ ಕಲ್ಲಿನ ಬಳಿಯ ಅಣ್ಣೆ ಸೊಪ್ಪನ್ನು ತಾನೂ ಪುಟ್ಟಮ್ಮನೂ ಇನ್ನೆರಡು ದಿನ ಬೆಳೆಯಲೆಂದು ಮುಟ್ಟದೆ ಬಿಟ್ಟಿದ್ದರೆಂದೂ, ಅದನ್ನು ನೆನೆಸಿಕೊಂಡೇ ಉಡಿಗಾಲದಿಂದ ಹೊಸ ಅಲಸಂದೆಕಾಳು ತಂದಿದ್ದೇನೆಂದೂ ಹೇಳಿ, ಅದೆಲ್ಲಿ ಹೋಯಿತೆಂದು ಕೇಳಿದಳು. ನನ್ನನ್ನು ಯಾರೂ ಅಷ್ಟು ಮೆಲ್ಲಗೆ ಪ್ರಶ್ನೆ ಕೇಳಿರಲಿಲ್ಲ. ಮೂರು ದಶಕ ಸಾವಿರಾರು ಸುಳ್ಳುಗಳನ್ನು ಕೇಳಿದ್ದ ನನ್ನ ಕಿವಿ, ಬಾಯಿಗೆ ಒಂದನ್ನು ಕಲಿಸಿಯೇ ಇಟ್ಟಿತ್ತೆಂದು ಕಾಣುತ್ತದೆ. ಹುಲ್ಲು ಮಾತ್ರ ನಾನು ತೆಗೆದೆ, ಸೊಪ್ಪನ್ನು ಪುಟ್ಟಮ್ಮನ ಆಡು ಬೇಲಿಯ ಸಂದಿಯಲ್ಲಿ ನುಗ್ಗಿ ಮೇಯ್ದುಕೊಂಡು ಹೋಯಿತು ಎಂದುಬಿಟ್ಟೆ.

ನೋಡಿ, ಅರ್ಧ ಸತ್ಯದ ಜೊತೆ ಪ್ರಯಾಣ ಮಾಡುವ ಸುಳ್ಳಿಗೆ ಟಿಕೆಟ್ ಕೇಳುವವರೇ ಇಲ್ಲ. ಹೆಂಡತಿ ನಂಬಿದಳು. ಬೇಲಿಯ ಬಳಿ ಹೋಗಿ, ಆಡನ್ನು ಕಟ್ಟಿಹಾಕಬಾರದಿತ್ತೇ ಎಂದಳು. ಆ ಮೂರು ದಿನವೂ ಕಟ್ಟಿಯೇ ಇತ್ತೆಂದಳು ಪುಟ್ಟಮ್ಮ. ಹಾಗಾದರೆ ನಮ್ಮ ಯಜಮಾನರು ಸುಳ್ಳು ಹೇಳುತ್ತಾರೆಯೇ ಎಂದಳು ಇವಳು. ಒಳಗೆ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದ ನನಗೆ, ಆಚೆಯಿಂದ ಪುಟ್ಟಮ್ಮ ಆಡಿನ ಗೂಟವನ್ನು ಕಲ್ಲಿನಿಂದ ಇನ್ನಷ್ಟು ಆಳಕ್ಕೆ ಬಡಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮರುದಿನ ಬೆಳಗ್ಗೆ ಬೇಲಿಯ ಸಂದಿಗೆ ಜಾಲಿಮುಳ್ಳಿನ ಕೊಂಬೆ ಬಂದು ಕೂತಿತ್ತು. ಇಟ್ಟವಳು ನನ್ನ ಹೆಂಡತಿ.

ಆಮೇಲಿನ ಮೂರು ವಾರ ನಾನು ಬೇಳೆಸಾರು ಉಂಡೆ. ಅದು ಶಿಕ್ಷೆಯಾಗಿರಲಿಲ್ಲ, ಸೊಪ್ಪಿರಲಿಲ್ಲ ಅಷ್ಟೆ. ಸಂಜೆ ಹೊತ್ತು ಹೆಂಡತಿ ಒಗೆಯುವ ಕಲ್ಲಿನ ಮೇಲೆ ಬೇಲಿಯ ಕಡೆ ಮುಖ ಮಾಡಿ ಕೂತಿರುವಳು. ಆಡುವ ಮಾತು ಬೇಕಾದಷ್ಟಿತ್ತು. ನನಗೆ ಹೇಳಿದರೆ ನನಗೆ ಅರ್ಥವಾಗುತ್ತಿರಲಿಲ್ಲ. ಆಚೆ ಕಡೆ ಗೂಟಕ್ಕೆ ಕಟ್ಟಿದ ಆಡು ದಿನವಿಡೀ ಅರಚುತ್ತಿತ್ತು. ಮೊದಲೆಲ್ಲ ತಿರುಗಾಡಿಕೊಂಡು ಮೇಯ್ದು ಬರುತ್ತಿದ್ದ ಪ್ರಾಣಿ, ನನ್ನ ಮಾತಿನಿಂದ ಕೈದಿಯಾಗಿತ್ತು. ಪುಟ್ಟಮ್ಮ ಕೂಲಿಗೆ ಹೋದ ಹೊತ್ತಿನಲ್ಲಿ ನಾನು ಬೇಲಿಯ ಮೇಲಿಂದ ಅದಕ್ಕೆ ಅಗಸೆ ಸೊಪ್ಪು ಹಾಕುತ್ತಿದ್ದೆ. ಅದು ತಿನ್ನುತ್ತಾ ನನ್ನನ್ನೇ ನೋಡುತ್ತಿತ್ತು. ಆಡಿನ ಕಣ್ಣನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರಲ್ಲಿ ಕ್ಷಮೆಯೂ ಇಲ್ಲ, ದೂರೂ ಇಲ್ಲ. ಇನ್ನಷ್ಟು ಸೊಪ್ಪು ಇದೆಯೇ ಎಂಬ ವಿಚಾರಣೆ ಮಾತ್ರ.

ಒಂದು ದಿನ ಬೆಳಗ್ಗೆ ಆಡಿನ ದನಿ ಕೇಳಲಿಲ್ಲ. ಗೂಟ ಬರಿದಾಗಿತ್ತು. ಕಟ್ಟಿಹಾಕಿ ಸಾಕಲಾಗದೆ ಪುಟ್ಟಮ್ಮ ಅದನ್ನು ಮಾರಲು ತೆರಕಣಾಂಬಿ ಸಂತೆಗೆ ಹೊರಟಳೆಂದು ಎದುರುಮನೆಯವರು ಹೇಳಿದರು. ಚಪ್ಪಲಿ ಯಾವ ಕಾಲಿಗೆ ಯಾವುದು ಎಂದು ನೋಡದೆ ನಾನು ಬಸ್ ನಿಲ್ದಾಣಕ್ಕೆ ನಡೆದೆ. ನನ್ನ ಮೊಣಕಾಲಿನ ಮಟ್ಟಿಗೆ ಅದನ್ನು ಓಡಿದೆ ಎಂದೇ ಬರೆಯಬೇಕು. ಗುಂಡ್ಲುಪೇಟೆಯ ಬಸ್ಸು ನಿಂತಿತ್ತು. ಪುಟ್ಟಮ್ಮನ ಒಂದು ಕಾಲು ಮೆಟ್ಟಿಲ ಮೇಲೆ, ಆಡಿನ ನಾಲ್ಕೂ ಕಾಲು ನೆಲದ ಮೇಲೆ. ಕಂಡಕ್ಟರ್ ಹೆಣ್ಣುಮಗಳು, ಆಡಿಗೂ ಟಿಕೆಟ್ ಆಗುತ್ತದೆ, ಹತ್ತುವುದಾದರೆ ಬೇಗ ಹತ್ತಬೇಕೆಂದು ಗದರಿಸುತ್ತಿದ್ದಳು. ನಾನು ಆಡಿನ ಹಗ್ಗ ಹಿಡಿದುಕೊಂಡೆ.

ಆಡು ನಿಮ್ಮ ಸೊಪ್ಪು ಮೇಯಲಿಲ್ಲ ಪುಟ್ಟಮ್ಮ, ಕೊಯ್ದವನು ನಾನು, ಅದು ಸೊಪ್ಪೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ ಆಡಿನ ಮೇಲೆ ಹಾಕಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಕಿಟಕಿಗಳಿಂದ ತಲೆಗಳು ಹೊರಬಂದವು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನನ್ನು ಇಡೀ ಬಸ್ಸು ತಿರುಗಿ ನೋಡುವುದೆಂದರೆ ಏನೆಂದು ನನಗೆ ಅಂದು ತಿಳಿಯಿತು. ನನ್ನ ಸರ್ವೀಸಿನಲ್ಲಿ ಎಷ್ಟು ಜನರ ಮುಖವನ್ನು ಹೀಗೆ ಕೆಳಗೆ ಹಾಕಿಸಿದ್ದೆನೋ, ಅವರೆಲ್ಲರೂ ಆ ಕಿಟಕಿಗಳಲ್ಲಿ ಕೂತಿದ್ದರೆಂದು ತೋರಿತು.

ಪುಟ್ಟಮ್ಮ ಮೆಟ್ಟಿಲಿನಿಂದ ಕಾಲು ತೆಗೆದಳು.

"ಗೊತ್ತು ಕಣಣ್ಣ. ಆಡು ಮೇದ್ರ ಬುಡ ಉಳೀತದ. ಅಲ್ಲಿ ಬುಡಾನೂ ಇರ್ನಿಲ್ಲ. ಆಡಿಗ ಜಪಾನ್ ಅಲ್ಲು ಕಟ್ಸಿದ್ನಾ ನಾನು?"

ಗೊತ್ತಿದ್ದರೆ ನನ್ನ ಹೆಂಡತಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಏಳಿದ್ರ ಅಕ್ಕ ನಿಮ್ ಜೊತ ಮಾತ್ ಬುಡದು. ನನ್ ಜೊತ ಬುಟ್ರ ನಾನು ನನ್ ಮನೇಲಿ ಇರ್ತೀನಿ. ನೀವು ಅದೇ ಮನೇಲಿ ಉಣ್ಬೇಕಲ್ಲಣ್ಣ?"

ಕಂಡಕ್ಟರ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಯಜಮಾನ್ರೇ," ಎಂದಳು, "ನೀವ್ ಒಪ್ಕಳದು ಮುಗುದಿದ್ರ ನಾನು ರೈಟ್ ಅಂತೀನಿ." ಬಸ್ಸು ನಗುತ್ತಲೇ ಹೊರಟಿತು. ಆಡು, ಪುಟ್ಟಮ್ಮ, ನಾನು ಮೂವರೂ ನಡೆದುಕೊಂಡು ಊರೊಳಗೆ ಬಂದೆವು.

ಮನೆಯಲ್ಲಿ ಅದೇ ಮಾತನ್ನು ಎರಡನೆಯ ಬಾರಿ ಹೇಳಬೇಕಾಯಿತು. ಎಸ್ಸೆಸ್ಸೆಲ್ಸಿಯಂತೆಯೇ ಇದೂ ಎರಡನೆಯ ಯತ್ನದಲ್ಲಿ ಸುಲಭವಾಗಲಿಲ್ಲ. ಕೇಳಿದ ಮಹದೇವಮ್ಮ ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಬೇಲಿಗೆ ಹೋಗಿ ಜಾಲಿಮುಳ್ಳನ್ನು ಬರಿಗೈಯಿಂದ ಎಳೆದು ಬಿಸಾಡಿ, ಸಂದಿಯಲ್ಲೇ ಬಗ್ಗಿ ಆಚೆಗೆ ಹೋದಳು. ಏನು ಮಾತಾಡಿದರೋ ತಿಳಿಯದು. ಮಧ್ಯಾಹ್ನದ ಊಟದ ಹೊತ್ತಿಗೆ ಬಂದಾಗ ಅವಳ ಅಂಗೈ ಮೇಲೆ ಅರಿಶಿನ ಮೆತ್ತಿತ್ತು. ಪುಟ್ಟಮ್ಮ ನುಡಿದಿದ್ದಂತೆ ನನ್ನ ಜೊತೆ ಎಂಟು ದಿನ ಮಾತಿರಲಿಲ್ಲ. ಒಂಬತ್ತನೆಯ ದಿನ ಬಂದ ಮಾತು ಒಂದು ಆಜ್ಞೆ: ಬೆರಕೆ ಸೊಪ್ಪಿನಲ್ಲಿ ಒಂದೊಂದನ್ನೂ ಹೆಸರು ಹಿಡಿದು ಗುರುತಿಸುವವರೆಗೆ ಕುಡ್ಲು ಮುಟ್ಟಕೂಡದು.

ಅಷ್ಟರಲ್ಲಿ ಹಿಂಗಾರಿನ ಮಳೆ ಹಿಡಿಯಿತು. ನಾನು ಬೇರು ಕೊಯ್ದಿದ್ದೆನೇ ಹೊರತು, ಮಣ್ಣಿನಲ್ಲಿ ಮಲಗಿದ್ದ ಬೀಜಗಳಿಗೆ ನನ್ನ ಪರಾಕ್ರಮದ ಸುದ್ದಿ ಮುಟ್ಟಿರಲಿಲ್ಲ. ಕಲ್ಲಿನ ಪಕ್ಕದಲ್ಲಿ ಮೊದಲು ಎರಡೆಲೆ, ಆಮೇಲೆ ನಾಲ್ಕೆಲೆ. ಆಯುಧಪೂಜೆಯ ದಿನ ಪುಟ್ಟಮ್ಮ ಎಂದಿನಂತೆ ಚೆಂಡುಹೂ ತಂದಳು. ಹೆಂಡತಿ ಆಚಾರಿಯ ಕುಡ್ಲಿನ ಪಕ್ಕದಲ್ಲಿ ಜಪಾನಿನದನ್ನೂ ತೊಳೆದಿಟ್ಟು, ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಹೂವಿಟ್ಟಳು. ಪೂಜೆಯಾದ ಮೇಲೆ ಅದನ್ನು ನೆಲಕ್ಕಿಟ್ಟಳು. ನಾನು ನೆಲದಿಂದ ಎತ್ತಿಕೊಂಡೆ. ಓರೆಯಾಗಿ ಬಾಗಿದ ಆ ಅಲಗು, ಶಾಲೆಯಲ್ಲಿ ಮೇಷ್ಟರು ಇಲ್ಲಿ ಸ್ವಲ್ಪ ನಿಂತು ಓದಿರೆಂದು ಹೇಳಿಕೊಟ್ಟಿದ್ದ ಇನ್ನೊಂದು ಕಾಮಾದ ಹಾಗೆಯೇ ಇದೆಯೆಂಬುದು ಅಂದು ನನ್ನ ಕಣ್ಣಿಗೆ ಬಿತ್ತು.

ಈಗಲೂ ನಾನು ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತೇನೆ, ಏಳುವ ಮುಂಚೆ ಸುತ್ತ ನೋಡುತ್ತೇನೆ. ಅಣ್ಣೆ, ಗೋಣಿ, ಕೊಮ್ಮೆ ಗುರುತಾಗಿವೆ. ಗಣಿಕೆಯೂ ಎಳೆಯ ಮೆಣಸಿನ ಸಸಿಯೂ ಜೊತೆಯಾಗಿ ನಿಂತರೆ ಇನ್ನೂ ಅನುಮಾನ. ಅನುಮಾನ ಬಂದಾಗ ಕುಡ್ಲನ್ನು ಕೆಳಗಿಟ್ಟು, ಒಂದೇ ಒಂದು ಎಲೆ ಚಿವುಟಿ, ಬೇಲಿಯ ಸಂದಿಯ ಕಡೆಗೆ ಕೈ ಎತ್ತಿ ಹಿಡಿಯುತ್ತೇನೆ, ಟಿಕೆಟ್ ತೋರಿಸುವ ಪ್ರಯಾಣಿಕನ ಹಾಗೆ. ಆಚೆ ಕಡೆ ಹೆಂಡತಿಯ ತಲೆಗೆ ಎಣ್ಣೆ ಹಚ್ಚುತ್ತಲೋ, ಅವರೆ ಸುಲಿಯುತ್ತಲೋ ಕೂತಿರುವ ಪುಟ್ಟಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಆಡೂ ನೋಡುತ್ತದೆ. ಅವಳು "ರೈಟ್" ಅಂದ ಮೇಲೆ ನಾನು ಮೊಣಕಾಲಿನ ಮೇಲೆ ಕೈಯೂರಿ ಮೆಲ್ಲಗೆ ಏಳುತ್ತೇನೆ.