ಕಾರ್ಟ್ರಿಜ್, ಡಿಸ್ಕ್ ಮತ್ತು ರಸ್ತೆಯ ಆಚೆ ಬದಿ

ಬಳ್ಳಾರಿಯಲ್ಲಿ ಮಣ್ಣು ಮುಟ್ಟಿದವರೆಲ್ಲ ಚಿನ್ನ ಮಾಡುತ್ತಿದ್ದ ಕಾಲದಲ್ಲಿ ನಾನು ಮನೆಯಲ್ಲಿ ಕೂತು ವಿಡಿಯೋ ಗೇಮ್ ಬರೆಯುತ್ತಿದ್ದೆ. ಅದೂ ಯಾವ ಯಂತ್ರಕ್ಕೆ? ತಯಾರಿಸಿದವರೇ ಮರೆತುಬಿಟ್ಟ, ಟೀವಿಗೆ ಸಿಕ್ಕಿಸಿ ಆಡುವ ಹಳೆಯ ಡಬ್ಬಕ್ಕೆ. ನೆಂಟರು ಏನು ಕೆಲಸ ಎಂದು ಕೇಳಿದರೆ ಕಂಪ್ಯೂಟರ್ ಕಲಿಸುತ್ತೇನೆ ಎನ್ನುತ್ತಿದ್ದೆ. ಅದೂ ಸುಳ್ಳಲ್ಲ, ಹೊಟ್ಟೆಪಾಡಿಗೆ ಅದನ್ನೇ ಮಾಡುತ್ತಿದ್ದೆ.

ನನ್ನ ಆಟ ಬಹಳ ಸರಳ. ಒಬ್ಬ ಮುದುಕಿ ರಸ್ತೆ ದಾಟಬೇಕು. ರಸ್ತೆಯ ತುಂಬ ಅದಿರಿನ ಲಾರಿಗಳು. ಆಚೆ ಬದಿ ಮುಟ್ಟಿದರೆ ಒಂದು ಚಹಾದ ಅಂಗಡಿ, ಬೆಂಚು, ಲೋಟ, ಲೋಟದಿಂದ ಏಳುವ ಹಬೆ. ಆ ಹಬೆ ಅಲುಗಾಡುವಂತೆ ಮಾಡಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ನೀವು ನಗಬಹುದು, ಆದರೆ ಆಗ ನನಗಿದ್ದ ಆಸೆ ಒಂದೇ: ನನ್ನ ಗುರುತಿಲ್ಲದ, ನನ್ನ ಮುಖ ನೋಡಿ ಚೆನ್ನಾಗಿದೆ ಎನ್ನಬೇಕಾದ ಕರ್ಮವಿಲ್ಲದ ಒಬ್ಬರಾದರೂ ರಸ್ತೆ ದಾಟಿ ಆ ಹಬೆಯನ್ನು ನೋಡಬೇಕು.

ಇಂಥ ಆಟವನ್ನು ಹಂಚಲು ದಾರಿ ಎರಡು. ಒಂದು ಕಾರ್ಟ್ರಿಜ್. ಹಳೆಯ ಆಟದ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ, ಅದರ ಚಿಪ್ ಕಿತ್ತು, ನಮ್ಮ ಆಟ ತುಂಬಿದ ಚಿಪ್ ಬೆಸೆದು ಮುಚ್ಚಬೇಕು. ಒಂದು ಮಾಡುವಷ್ಟರಲ್ಲಿ ಬೆರಳು ಸುಟ್ಟು, ಭಾನುವಾರ ಮುಗಿದಿರುತ್ತದೆ. ಇನ್ನೊಂದು ಡಿಸ್ಕ್, ಸ್ವಲ್ಪ ಈಚಿನ ಯಂತ್ರಕ್ಕೆ. ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿ, ಒಗ್ಗರಣೆ ಹಾಕಿ ಬಂದರೆ ಆಟ ತಯಾರು. ನಾನು ಆಟವನ್ನು ಎರಡಕ್ಕೂ ಒಗ್ಗಿಸಿ ಬರೆದಿದ್ದೆ. ಹಿಂದಿನವರಿಗೂ ಇದೇ ತಕರಾರು ಇತ್ತೆಂದು ನನ್ನ ಅಂದಾಜು. ಕಲ್ಲಿನಲ್ಲಿ ಕೆತ್ತಿಸಿದರೆ ಉಳಿಯುತ್ತದೆ, ಆದರೆ ಮನೆಮನೆಗೆ ಕಳಿಸಲಾಗದು. ಓಲೆಗರಿಯಲ್ಲಿ ಬರೆದರೆ ಎಲ್ಲಿಗಾದರೂ ಹೋಗುತ್ತದೆ, ಆದರೆ ಓದುವವರಿಗಿಂತ ಮೊದಲು ಗೆದ್ದಲು ಓದಿ ಮುಗಿಸುತ್ತದೆ. ಕಲ್ಲನ್ನು ನಂಬಿದ ರಾಜರೂ ಏನು ಸುಖಪಟ್ಟರೋ ಕಾಣೆ. ಶಾಸನಕ್ಕೆ ಎಮ್ಮೆ ಕಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎಮ್ಮೆ ಮೈ ತಿಕ್ಕಿಕೊಳ್ಳುತ್ತಿತ್ತು. ಅಕ್ಷರಗಳು ಮಾತ್ರ ಗಟ್ಟಿಯಾಗಿದ್ದವು.

ಬ್ರೂಸ್‌ಪೇಟೆಯಲ್ಲಿ ಗೇಮ್ ಅಂಗಡಿ ಇಟ್ಟಿದ್ದ ಖಾದರ್ ಭಾಯಿ ಕಲ್ಲಿನ ಪಕ್ಷ. "ನಮ್ಮೂರ ಧೂಳಿಗೆ ಡಿಸ್ಕ್ ತಡಿಯಂಗಿಲ್ರಿ ಮೇಡಂ. ಕಾರ್ಟ್ರಿಜ್ ಆದ್ರ ಉಫ್ ಅಂತ ಊದಿದ್ರ ಮುಗೀತು" ಎಂದರು. ಊದುವುದು ನಮ್ಮಲ್ಲಿ ಒಂದು ಶಾಸ್ತ್ರವೇ ಆಗಿತ್ತು. ಹೊಚ್ಚ ಹೊಸ ಕಾರ್ಟ್ರಿಜ್ ಆದರೂ ಮೊದಲು ಊದಿ, ಆಮೇಲೆ ಸಿಕ್ಕಿಸುವುದು. ಡಿಸ್ಕನ್ನು ಊದಿದರೆ ಉಗುಳು ಬೀಳುತ್ತದೆ, ಅದನ್ನು ಲುಂಗಿಯ ತುದಿಯಿಂದ ಒರೆಸುತ್ತಾರೆ, ಲುಂಗಿಯಲ್ಲಿ ಜಿಲ್ಲೆಯ ಕೆಂಪು ಧೂಳೆಲ್ಲ ಇರುತ್ತದೆ. ನಾನು ಓದಿದವಳು, ಆದ್ದರಿಂದ ಡಿಸ್ಕ್ ಪಕ್ಷ. ಖಾದರ್ ಭಾಯಿಯ ಹಠಕ್ಕೆ ಒಂದೇ ಒಂದು ಕಾರ್ಟ್ರಿಜ್ ಮಾಡಿಕೊಟ್ಟು, ಕೆಲವು ಡಿಸ್ಕ್ ಅವರ ಅಂಗಡಿಯಲ್ಲಿಟ್ಟು, ಉಳಿದ ಒಂದು ಚೀಲವನ್ನು ಸಿರುಗುಪ್ಪದ ಒಂದು ಅಂಗಡಿಗೆ ಬಸ್ಸಿನಲ್ಲಿ ಕಳಿಸಿದೆ.

ಎಲ್ಲ ಖರ್ಚಾದವು ಎಂದು ಸಿರುಗುಪ್ಪದಿಂದ ಸುದ್ದಿ ಬಂತು. ಹಿಗ್ಗಿ ಹೀರೇಕಾಯಿಯಾದೆ. ಬಳಿಕ ಒಂದು ಮದುವೆಗೆಂದು ಸಿರುಗುಪ್ಪದ ಹತ್ತಿರದ ಹಚ್ಚೊಳ್ಳಿಗೆ ಹೋದಾಗ, ಟ್ರ್ಯಾಕ್ಟರಿನ ಮೇಲಿಂದ ನೋಡಿದರೆ ಭತ್ತದ ಗದ್ದೆಯ ತುಂಬ ನನ್ನ ಆಟ ಬಿಸಿಲಿಗೆ ಮಿಂಚುತ್ತಿದೆ. ಹಕ್ಕಿ ಓಡಿಸಲು ದಾರಕ್ಕೆ ಪೋಣಿಸಿ ಕಟ್ಟಿದ್ದರು. ಇಳಿದು ಗದ್ದೆಯವರನ್ನು ಕೇಳಿದೆ. "ಭಾಳ ಛಲೋ ಅದಾವ್ರಿ. ಸಿನಿಮಾದ ಸೀಡಿಗಿಂತ ಹೊಳಪು ಜಾಸ್ತಿ. ಇನ್ನೂ ಅದಾವೇನ್ರಿ?" ಎಂದರು. ನನ್ನ ಆಟಕ್ಕೆ ಬಂದ ಮೊದಲ ಮೆಚ್ಚುಗೆ ಅದು. ನನ್ನ ಮುಖ ನೋಡಿ ಹೇಳಿದ್ದಲ್ಲ ಎನ್ನುವುದೂ ನಿಜ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂತು.

ಇನ್ನು ಉಳಿದವರು ಕುರುಗೋಡಿನ ರುದ್ರಮ್ಮ ಒಬ್ಬರೇ. ಖಾದರ್ ಭಾಯಿಯ ಅಂಗಡಿಯಿಂದ ಡಿಸ್ಕ್ ಒಯ್ದ ಏಕೈಕ ಗಿರಾಕಿ. ಅವರ ತಮ್ಮ ಗಣಿಗೆ ಲಾರಿ ಬಿಟ್ಟ ಮೇಲೆ ಬೇಕಾದ ಬೇಡವಾದ ಯಂತ್ರಗಳನ್ನೆಲ್ಲ ಮನೆಗೆ ತಂದು ಗುಡ್ಡೆ ಹಾಕಿದ್ದನಂತೆ. ಅದರಲ್ಲಿ ಎರಡೂ ಬಗೆಯ ಗೇಮ್ ಯಂತ್ರಗಳಿದ್ದವು. ಆಡುವವರು ಅಕ್ಕ ಮಾತ್ರ. ಒಂದು ದಿನ ನಾನು ಅಂಗಡಿಯಲ್ಲಿದ್ದಾಗಲೇ ಅವರು ಬಂದು, ಡಿಸ್ಕ್ ನಡೆಯುತ್ತಿಲ್ಲ ಎಂದು ಮುಂದಿಟ್ಟರು. ತಿರುಗಿಸಿ ನೋಡಿದೆ. ಹೊಳೆಯುವ ಬದಿಯಲ್ಲಿ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ಹೊಸಾದಕ್ಕ ವಿಭೂತಿ ಹಚ್ಚದ ಶುರು ಮಾಡಬಾರದ್ರಿ" ಎಂದರು ರುದ್ರಮ್ಮ. "ಹೆಸರು ಇದ್ದ ಕಡೆ ಹಚ್ಚಿದ್ರ ಅಕ್ಷರ ಮುಚ್ಚತಾವ. ಅದಕ್ಕ ಖಾಲಿ ಇದ್ದ ಕಡೆ ಹಚ್ಚೀನಿ."

ಆಟ ಇದ್ದದ್ದೇ ಆ ಖಾಲಿ ಬದಿಯಲ್ಲಿ. ಆದರೆ ಅಕ್ಷರಕ್ಕೆ ಮರ್ಯಾದೆ ಕೊಟ್ಟವರನ್ನು ಬಯ್ಯುವುದು ಹೇಗೆ? ಖಾದರ್ ಭಾಯಿ ಆ ಒಂದು ಕಾರ್ಟ್ರಿಜ್ ತೆಗೆದುಕೊಟ್ಟರು. ರುದ್ರಮ್ಮ ಅಲ್ಲೇ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಅದರ ಬೆನ್ನಿಗೆ ಹಚ್ಚಿದರು. ಖಾದರ್ ಭಾಯಿ ಅದನ್ನು ಇಸಿದುಕೊಂಡು ಅಭ್ಯಾಸಬಲದಿಂದ ಬಾಯಿಗೆ ಹಿಡಿದು ಒಮ್ಮೆ ಊದಿದರು. ಎರಡೂ ಕಡೆಯಿಂದ ಬಂದೋಬಸ್ತ್ ಆಯಿತು.

ಸ್ವಲ್ಪ ದಿನ ತಡೆದುಕೊಂಡು, ಕೊನೆಗೆ ತಡೆಯಲಾರದೆ ಕುರುಗೋಡಿಗೆ ಹೋದೆ. ಮನೆ ರಸ್ತೆಗೇ ಇತ್ತು. ಹೊರಗೆ ಲಾರಿಗಳು, ಒಳಗೆ ಟೀವಿಯಲ್ಲಿಯೂ ಲಾರಿಗಳು. ರುದ್ರಮ್ಮ ಗುಂಡಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಸನ್ನರಾಗಿ ಕೂತಿದ್ದರು. ದಿನಾ ಆಡುತ್ತೇನೆ ಎಂದರು. ದಾಟಿದಿರಾ ಎಂದು ಕೇಳಿದೆ.

"ಇಲ್ರಿ. ಲಾರಿ ನಿಂತ ಮ್ಯಾಲೆ ದಾಟಿದ್ರಾತು ಅಂತ ನಿಂತೀನಿ. ಹೊರಗೂ ಹಂಗ ಮಾಡೋದು."

ನನ್ನ ಆಟದಲ್ಲಿ ಲಾರಿಗಳು ನಿಲ್ಲುವುದಿಲ್ಲ. ನಿಲ್ಲಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಯಾರಿಗೆ ತಾನೇ ಹೊಳೆದಿತ್ತು? ಕೊಡಿ, ಬಿಚ್ಚಿ ತಿದ್ದಿಕೊಡುತ್ತೇನೆ ಎಂದೆ. ವಿಭೂತಿ ಹಚ್ಚಿ ಶುರು ಮಾಡಿದ್ದನ್ನು ನಡುವೆ ಬಿಚ್ಚಬಾರದು ಎಂದರು. ಬೇರೆ ದಾರಿ ಕಾಣದೆ, ಆಚೆ ಬದಿಯಲ್ಲಿ ಏನಿದೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಚಹಾದ ಅಂಗಡಿ, ಬೆಂಚು, ಲೋಟ. ಹಬೆ ಅಲುಗಾಡುತ್ತದೆ ಎಂದೂ ಹೇಳಿದೆ.

ರುದ್ರಮ್ಮ ಗುಂಡಿಗಳ ಪೆಟ್ಟಿಗೆಯನ್ನು ಕೆಳಗಿಟ್ಟರು.

"ಒಂದು ಚಾಕ್ಕ ಅಷ್ಟು ಲಾರಿ ದಾಟಬೇಕೇನ್ರಿ? ಕುಂದರ್ರಿ, ಇಲ್ಲೇ ಮಾಡ್ತೀನಿ" ಎಂದು ಒಳಗೆ ಹೋದರು.

ಚಹಾ ಬಂತು. ಹಬೆ ಏಳುತ್ತಿತ್ತು, ಚೆನ್ನಾಗಿಯೇ ಅಲುಗಾಡುತ್ತಿತ್ತು. ಇಬ್ಬರೂ ಕುಡಿದೆವು. ಟೀವಿಯಲ್ಲಿ ನನ್ನ ಮುದುಕಿ ರಸ್ತೆಯ ಈಚೆ ಬದಿಯಲ್ಲೇ ನಿಂತಿದ್ದಳು. ಅವಳಿಗೂ ಅವಸರವಿದ್ದಂತೆ ಕಾಣಲಿಲ್ಲ.